ಹಿತ್ತಿಲ ಗೋಡೆಯ ಮುಂದೆ ಮೂರು ವರ್ಷ

ಗೋಡೆ ನೋಡುತ್ತಾ ಕೂತರೆ ಧ್ಯಾನವಾಗುತ್ತದೆಯೇ ಎಂದು ಕೇಳಿದ್ದ ಗೆಳೆಯರೇ ಈಗ ಬೆಳಗಾದರೆ ಬಂದು ನನ್ನ ಪಕ್ಕದಲ್ಲಿ ಕೂರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬೆನ್ನು ನೇರ ಇಡುವುದು, ಉಸಿರು ಗಮನಿಸುವುದು ನಿಮಗೆಲ್ಲ ಗೊತ್ತಿರುವ ವಿಷಯ, ಅದನ್ನು ಬಿಡೋಣ.

ಮೊದಲು ಸೋತ ಕಥೆ. ನಿಸರ್ಗದ ಶಕ್ತಿ ದೂರ ಹೋದವರಿಗೆ ಮಾತ್ರ ಸಿಗುತ್ತದೆ ಎಂದು ನಂಬಿ ಸುಮಾರು 4 ವರ್ಷ ಬೆಟ್ಟ, ಕಡಲು, ಜಲಪಾತ ಎಂದು ಅಲೆದೆ. ಎರಡು ಧ್ಯಾನ ಶಿಬಿರಗಳಿಗೆ ಒಂದೂವರೆ ತಿಂಗಳ ಸಂಬಳ ಹೋಯಿತು. ಕ್ಯಾಮೆರಾ, ಲೆನ್ಸ್ ಸೇರಿ ಇನ್ನೊಂದು ಮೂರು ತಿಂಗಳದ್ದು. ಬೆಟ್ಟದ ತುದಿಯಲ್ಲಿ ಸೂರ್ಯ ಹುಟ್ಟುವಾಗ ನಾನು ಶಟರ್ ವೇಗ ಸರಿಪಡಿಸುತ್ತಿದ್ದೆ. ಕೊನೆಗೆ ಕ್ಯಾಮೆರಾವನ್ನು ಅರ್ಧ ಬೆಲೆಗೂ ಕಡಿಮೆಗೆ ಮಾರಿದೆ. ಆ ನಷ್ಟ ನೆನೆದರೆ ಈಗಲೂ ಹೊಟ್ಟೆ ಚುರುಕ್ಕೆನ್ನುತ್ತದೆ.

ಆಮೇಲೆ ಹಿಡಿದ ದಾರಿ ಇಷ್ಟೇ: ಒಂದೇ ಜಾಗ, ಒಂದೇ ಹೊತ್ತು, 20 ನಿಮಿಷ, ಮೊಬೈಲ್ ಮನೆಯೊಳಗೆ. ಜಾಗವೆಂದರೆ ಮನೆಯ ಹಿಂದಿನ ಹಳೆಯ ಗೋಡೆ, ಅದರ ಮೇಲೆ ಬಾಗಿದ ಮರ. ಮೊದಲ 40 ದಿನ ಬೇಸರ, ಸೊಳ್ಳೆ, ಕಾಲು ಜೋಮು, ಅಷ್ಟೇ. ಎರಡು ಸಲ ಬಿಟ್ಟೇಬಿಟ್ಟಿದ್ದೆ. 50ನೇ ದಿನದ ಆಸುಪಾಸಿನಲ್ಲಿರಬೇಕು, ಗೋಡೆಯ ಬುಡದ ಪುಟ್ಟ ಗಿಡದ ಮೇಲೆ ಹನಿಗಳನ್ನು ಕಂಡೆ. ಇಬ್ಬನಿಯಾಗಿದ್ದರೆ ಎಲೆಯ ಮೈಮೇಲೆಲ್ಲ ಕೂತಿರಬೇಕಿತ್ತು. ಇವು ಎಲೆಯಂಚಿನ ಒಂದೊಂದು ಹಲ್ಲಿನ ತುದಿಗೂ ಒಂದೊಂದರಂತೆ ನಿಂತಿದ್ದವು. ರಾತ್ರಿ ಬೇರು ಹೀರಿದ ನೀರನ್ನು ಗಿಡವೇ ಅಲ್ಲಿಗೆ ತಂದು ನಿಲ್ಲಿಸಿತ್ತು. ಮಣ್ಣಿನ ಕತ್ತಲಲ್ಲಿದ್ದ ನೀರು ಈಗ ಇಡೀ ಬೆಳಗನ್ನು ಹೊತ್ತು ನಡುಗುತ್ತಿದೆ ಎಂದು ಹೊಳೆದಾಗ ಮೈ ಝುಮ್ಮೆಂದಿತು. ಕಣ್ಣು ತುಂಬಿತು. ಶಿಬಿರಗಳಲ್ಲಿ ಹುಡುಕಿದ್ದು ಇದನ್ನೇ ಎಂಬುದರಲ್ಲಿ ನನಗೆ ಆಮೇಲೆ ಸಂಶಯ ಉಳಿಯಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚಂದ್ರ ಹುಟ್ಟುವ ಹೊತ್ತಿಗೇ ಕೂರೋಣವೆಂದು ಹೊರಟೆ. ಅವನು ದಿನಕ್ಕೆ ಸುಮಾರು 50 ನಿಮಿಷ ತಡ. ಹತ್ತೇ ದಿನದಲ್ಲಿ ನಿದ್ದೆ ಕೆಟ್ಟು ಕೈಬಿಟ್ಟೆ. ಬೇಸಿಗೆಯಲ್ಲಿ ಒಣಗಿ ಕಂದಾಗಿದ್ದ ಗೋಡೆಯ ಪಾಚಿಗೆ ಒಂದು ಚಮಚ ನೀರು ಹನಿಸಿದ್ದು ಮಾತ್ರ ಫಲಿಸಿತು. ನೋಡನೋಡುತ್ತಿದ್ದಂತೆ ಮುದುಡಿದ್ದ ಎಸಳುಗಳು ಬಿಚ್ಚಿಕೊಂಡು ಹಸಿರಾದವು. ಮರದ ನೆರಳಿನಲ್ಲಿ ಬೀಳುವ ದುಂಡನೆಯ ಬಿಸಿಲಿನ ಬಿಲ್ಲೆಗಳನ್ನೂ ಗಮನಿಸಿ. ಎಲೆಗಳ ಸಂದು ಯಾವ ಆಕಾರದಲ್ಲಿದ್ದರೂ ಅವು ದುಂಡಗೇ ಇರುತ್ತವೆ, ಏಕೆಂದರೆ ಪ್ರತಿಯೊಂದೂ ಸೂರ್ಯನ ಬಿಂಬ. ಒಂದು ಗ್ರಹಣದ ದಿನ ಗೋಡೆಯ ತುಂಬ ಅವೇ ಬಿಲ್ಲೆಗಳು ಕುಡುಗೋಲುಗಳಾದವು. ಅಂದು 20 ನಿಮಿಷದ ಲೆಕ್ಕ ನೆನಪಾಗಲಿಲ್ಲ.

ಈಗ 1000 ಬೆಳಗು ದಾಟಿರಬೇಕು. ತಪ್ಪಿದ್ದು 30ಕ್ಕಿಂತ ಹೆಚ್ಚಿರಲಾರದು. ಇಷ್ಟು ದಿನ ಒಂದೇ ಗೋಡೆಯ ಮುಂದೆ ಕೂತವರು ನನಗೆ ಗೊತ್ತಿರುವವರಲ್ಲಿ ಬೇರೆ ಯಾರೂ ಇಲ್ಲ. ಮೊದಲ ಮೂರು ನಿಮಿಷ ಕಣ್ಣನ್ನು ಎಲ್ಲಿ ನೆಡಬೇಕು ಎಂಬುದರಲ್ಲಿ ಒಂದು ಗುಟ್ಟಿದೆ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳುತ್ತೇನೆ, ಬರೆಯುವುದಿಲ್ಲ.

ಎಲ್ಲರಿಗಿಂತ ಹೆಚ್ಚು ಸಂಶಯಪಟ್ಟಿದ್ದ ಗೆಳೆಯ ಕಳೆದ ವಾರ ನನ್ನ ಮೊಣಕೈ ತಟ್ಟಿ, ಮಾತಾಡದೆ ಮೇಲೆ ಬೆರಳು ತೋರಿಸಿದ. ಕೊಂಬೆಯ ಕೆಳಗೆ ಜೇಡವೊಂದು ತನ್ನ ಹಳೆಯ ಬಲೆಯನ್ನು ಎಳೆ ಎಳೆಯಾಗಿ ನುಂಗುತ್ತಿತ್ತು. ಮೂರು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ.