ಬ್ರೋಚ್ ತಿರುಗಿಸಿ ನೋಡಿ

ನನ್ನ ಹತ್ತಿರ ಮೂರು ಹಳೇ ಬ್ರೋಚ್ ಇವೆ. ಒಂದು ಮೋಸ ಹೋಗಿ ತಗೊಂಡಿದ್ದು. ಇನ್ನೊಂದು ನೋಡಿ, ತೂಗಿ, ಆರು ತಿಂಗಳು ಯೋಚನೆ ಮಾಡಿ ತಗೊಂಡಿದ್ದು. ಮೂರನೆಯದರಲ್ಲಿ ಇರುವುದು ವಜ್ರವೇ ಅಲ್ಲ, ಬರೀ ಗಾಜು. ಆದರೆ ನಾನು ಜಾಸ್ತಿ ಹಾಕುವುದು ಅದನ್ನೇ.

ನಮ್ಮ ಚಿಕ್ಕಮಗಳೂರಿನಲ್ಲಿ ವಜ್ರ ಅಂದರೆ ಏಳು ಹರಳಿನ ಓಲೆ, ಮೂಗುಬೊಟ್ಟು, ಹೆಚ್ಚೆಂದರೆ ಒಂದು ಉಂಗುರ. ಬ್ರೋಚ್ ಅಂದರೆ ‘ಸೀರೆ ಪಿನ್ನಾ?’ ಅಂತಾರೆ. ಹೌದು, ಸೀರೆ ಪಿನ್ನೇ. ಹೆಗಲ ಮೇಲೆ ಸೆರಗಿಗೆ ಬ್ರೋಚ್ ಚುಚ್ಚುವ ಉಡುಗೆಯನ್ನು 19ನೇ ಶತಮಾನದಲ್ಲಿ ಬಂಗಾಳದಲ್ಲಿ ರೂಢಿಗೆ ತಂದವರು ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ, ಬೊಂಬಾಯಿಯಲ್ಲಿ ಪಾರ್ಸಿ ಹೆಂಗಸರು ಸೀರೆ ಉಡುವುದನ್ನು ನೋಡಿಕೊಂಡು ಬಂದು. ನಮ್ಮಜ್ಜಿಯ ಮದುವೆ ಫೋಟೋದಲ್ಲೂ ಎಡ ಹೆಗಲಿನ ಮೇಲೆ ಎಲೆ ಆಕಾರದ್ದೊಂದು ಬ್ರೋಚ್ ಇದೆ. ಅದು ಎಲ್ಲಿ ಹೋಯಿತು ಅಂತ ಅಮ್ಮನನ್ನು ಕೇಳಿದರೆ, ‘ಕರಗಿಸಿ ನಿನ್ನ ಚಿಕ್ಕಮ್ಮನಿಗೆ ಬಳೆ ಮಾಡಿಸಿದರು’ ಅಂದರು. ನನಗೆ ಈ ಹುಚ್ಚು ಹಿಡಿದಿದ್ದು ಅಲ್ಲಿಂದ.

ಮೊದಲನೆಯದನ್ನು ಬೆಂಗಳೂರಿನ ಒಂದು ಅಂಗಡಿಯಲ್ಲಿ ತಗೊಂಡೆ. ಹೂಗೊಂಚಲಿನ ಆಕಾರ, ಇಪ್ಪತ್ತೆರಡು ಸಣ್ಣ ವಜ್ರ, ಚೀಟಿಯಲ್ಲಿ ‘ವಿಕ್ಟೋರಿಯನ್’ ಅಂತ ಬರೆದಿತ್ತು, ಅಂದರೆ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಕಾಲದ್ದು ಅಂತ. ಹಳೇದು ಅನ್ನುವ ಕಾರಣಕ್ಕೇ ಬೆಲೆ ಜಾಸ್ತಿ. ನಾನು ಮುಂದಿನಿಂದ ನೋಡಿದೆ, ಫಳಫಳ ಅಂತಿತ್ತು, ಕೊಟ್ಟುಬಿಟ್ಟೆ ದುಡ್ಡು. ಊರಿಗೆ ಬಂದು ನಮ್ಮ ಆಚಾರ್ರಿಗೆ ತೋರಿಸಿದೆ. ಅವರು ಮುಂಭಾಗ ನೋಡಲೇ ಇಲ್ಲ. ಕೈಗೆ ತಗೊಂಡ ತಕ್ಷಣ ದೋಸೆ ಮಗುಚಿದ ಹಾಗೆ ಮಗುಚಿದರು. ಲೆನ್ಸ್ ಕಣ್ಣಿಗಿಟ್ಟುಕೊಂಡು ಒಂದು ನಿಮಿಷ ಸುಮ್ನೆ ಇದ್ದರು. ಆಮೇಲೆ ‘ವಜ್ರ ಅಸಲಿ ಕಣಮ್ಮ, ವಯಸ್ಸು ನಕಲಿ’ ಅಂದರು.

ಅವತ್ತು ಅವರ ಬೆಂಚಿನ ಪಕ್ಕ ಕೂತು ಕಲಿತದ್ದೇ ಇವತ್ತಿಗೂ ನನಗಿರುವ ವಿದ್ಯೆ. ಮುಂಭಾಗವನ್ನು ಯಾರು ಬೇಕಾದರೂ ಚೆನ್ನಾಗಿ ಮಾಡುತ್ತಾರೆ, ಯಾಕಂದರೆ ಎಲ್ಲರೂ ನೋಡುವುದು ಅದನ್ನೇ. ಹಿಂಭಾಗದಲ್ಲಿ ಸುಳ್ಳು ಹೇಳುವುದು ಕಷ್ಟ. ನನ್ನ ಹೂಗೊಂಚಲಿನ ಹಿಂದೆ ಸೂಜಿ ಮೊನೆಯಷ್ಟು ಸಣ್ಣ ಸಣ್ಣ ಗುಳಿಗಳಿದ್ದವು. ಅದು ಎರಕ ಹೊಯ್ದದ್ದರ ಗುರುತು. ಹಳೇ ಕಾಲದ ಒಳ್ಳೇ ಕೆಲಸದಲ್ಲಿ ಹರಳಿನ ಹಿಂದಿನ ತೂತುಗಳನ್ನು ಗರಗಸದಲ್ಲಿ ಕೊಯ್ದು, ಅರ ಹಾಕಿ ನಯ ಮಾಡಿರುತ್ತಾರೆ, ಒಂದು ತೂತಿನ ಹಾಗೆ ಇನ್ನೊಂದು ಇರುವುದಿಲ್ಲ. ಎರಡನೆಯ ಗುರುತು ಕೊಕ್ಕೆ. ಇದರಲ್ಲಿ ತಿರುಗಿಸಿ ಬೀಗ ಹಾಕುವ ಕೊಕ್ಕೆ ಇತ್ತು. ಅದು ಚಾಲ್ತಿಗೆ ಬಂದದ್ದು 20ನೇ ಶತಮಾನದಲ್ಲಿ. ವಿಕ್ಟೋರಿಯಾ ರಾಣಿ ತೀರಿಕೊಂಡಿದ್ದು 1901ರಲ್ಲಿ. ಕೊಕ್ಕೆಯನ್ನು ಆಮೇಲೆ ಬದಲಾಯಿಸಿರಬಹುದು ಅಂತೀರಾ? ಹಾಗಾದರೆ ಬೆಸುಗೆಯ ಕಲೆ ಇರಬೇಕು, ಇಲ್ಲಿ ಇರಲಿಲ್ಲ. ಮೂರನೆಯದು, ಇಪ್ಪತ್ತೆರಡು ಹರಳೂ ಒಂದೇ ಅಳತೆ, ಒಂದೇ ಕಟಿಂಗ್, ಈಗಿನ ಬ್ರಿಲಿಯಂಟ್ ಕಟ್. ಈ ಕಟ್‌ನ ಅಳತೆಯನ್ನು ವಜ್ರ ಕೊಯ್ಯುವ ಮನೆತನದ ಮಾರ್ಸೆಲ್ ಟಾಲ್ಕೋವ್ಸ್ಕಿ ಲೆಕ್ಕ ಹಾಕಿ ಬರೆದದ್ದು 1919ರಲ್ಲಿ. ಮುಗೀತಲ್ಲ ಕಥೆ.

ಅಂಗಡಿಯವನಿಗೆ ಫೋನ್ ಮಾಡಿದೆ. ‘ಮೇಡಂ, ವಿಕ್ಟೋರಿಯನ್ ಅಂದರೆ ಸ್ಟೈಲ್’ ಅಂದ. ಆವತ್ತಿಂದ ಬಿಲ್ಲಿನಲ್ಲಿ ‘ಸ್ಟೈಲ್’ ಅನ್ನುವ ಪದ ಇದೆಯೋ ಇಲ್ಲವೋ ಅಂತ ಮೊದಲು ನೋಡುತ್ತೇನೆ.

ಎರಡನೆಯ ಬ್ರೋಚ್ ಸಕಲೇಶಪುರದ ಕಡೆ ಸಿಕ್ಕಿದ್ದು. ಒಬ್ಬರು ವಯಸ್ಸಾದ ಅಮ್ಮ, ಅವರ ಮಾವ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು ಆಗಿದ್ದವರು. ಎಸ್ಟೇಟಿನ ಇಂಗ್ಲಿಷ್ ದೊರೆ ಊರಿಗೆ ವಾಪಸ್ ಹೋಗುವಾಗ ದೊರೆಸಾನಿ ಕೊಟ್ಟು ಹೋದದ್ದು ಅಂತ ಅವರ ಮನೆಯ ಮಾತು. ಇಂಥ ಮಾತನ್ನು ನಾನು ಕೇಳುತ್ತೇನೆ, ಆದರೆ ಅದಕ್ಕೆ ಅಂತ ದುಡ್ಡು ಕೊಡುವುದಿಲ್ಲ. ಬ್ರೋಚ್ ಏನು ಹೇಳುತ್ತದೆ ಅನ್ನುವುದಷ್ಟೇ ಲೆಕ್ಕ.

ಅರ್ಧಚಂದ್ರ ಆಕಾರ. ಹದಿನೇಳು ಹರಳಿನ ಜಾಗ, ಇದ್ದದ್ದು ಹದಿನಾರು. ತಿರುಗಿಸಿದೆ. ಕೊಕ್ಕೆ ಇಂಗ್ಲಿಷ್ ಸಿ ಅಕ್ಷರದ ಹಾಗೆ ಬರೀ ಬಾಗಿದ ತಂತಿ, ಬೀಗ ಇಲ್ಲ. ಪಿನ್ನಿನ ಮೊನೆ ಕೊಕ್ಕೆ ದಾಟಿ ಸ್ವಲ್ಪ ಹೊರಗೆ ಬಂದಿತ್ತು. ಕೀಲು ಮೂರು ಸಣ್ಣ ಕೊಳವೆ ಸೇರಿಸಿ ಮಾಡಿದ್ದು. ಮುಂಭಾಗ ಬೆಳ್ಳಿ, ಹಿಂಭಾಗ ಚಿನ್ನ. ಇದನ್ನು ನೋಡಿ ಊರಿನ ಒಂದು ಅಂಗಡಿಯವರು ‘ಬೆಳ್ಳಿಗೆ ಚಿನ್ನದ ಪಾಲಿಶ್’ ಅಂತ ಹೇಳಿ ಕಳಿಸಿದ್ದರಂತೆ, ಪಾಪ ಆ ಅಮ್ಮನ್ನ. ಅದು ಪಾಲಿಶ್ ಅಲ್ಲ. ಪ್ಲಾಟಿನಂ ಕೆಲಸ ಕೈಗೆ ಹತ್ತುವ ಮೊದಲು ವಜ್ರವನ್ನು ಬೆಳ್ಳಿಯಲ್ಲೇ ಕಟ್ಟುತ್ತಿದ್ದರು. ಚಿನ್ನದಲ್ಲಿ ಕಟ್ಟಿದರೆ ಹಳದಿ ಬಣ್ಣ ಹರಳಿಗೆ ಬಡಿಯುತ್ತದೆ. ಆದರೆ ಬೆಳ್ಳಿ ಬಟ್ಟೆಗೆ ಕಪ್ಪು ಹಚ್ಚುತ್ತದಲ್ವಾ, ಅದಕ್ಕೇ ಹಿಂದೆ ಚಿನ್ನದ ಹಾಳೆ. ಅದೇ ಅಂಗಡಿಯವರು ಹಿಂದಿದ್ದ 15 ಅನ್ನುವ ಮುದ್ರೆ ನೋಡಿ ‘ಹದಿನೈದು ಕ್ಯಾರೆಟ್ ಅಂತ ಚಿನ್ನವೇ ಇಲ್ಲ’ ಅಂದಿದ್ದರಂತೆ. ನಮಗೆಲ್ಲ 916 ಅಭ್ಯಾಸ ಆಗಿಬಿಟ್ಟಿದೆ. ಇಂಗ್ಲೆಂಡಿನಲ್ಲಿ 15 ಕ್ಯಾರೆಟ್ ಚಿನ್ನ ಇತ್ತು, 1854ರಿಂದ 1932ರವರೆಗೆ. ಸಾವಿರಕ್ಕೆ 625 ಪಾಲು ಚಿನ್ನ. ಅಂದರೆ ಯಾವುದನ್ನು ತೋರಿಸಿ ಅವರು ನಕಲಿ ಅಂದರೋ ಅದೇ ಇದರ ವಯಸ್ಸಿನ ಸಾಕ್ಷಿ.

ಇಷ್ಟೆಲ್ಲ ಆದ ಮೇಲೆ ಹರಳು ನೋಡಿದೆ. ಹಳೇ ಕಟಿಂಗ್ ವಜ್ರವನ್ನು ಲೆನ್ಸಿನಲ್ಲಿ ನೇರ ಮೇಲಿನಿಂದ ನೋಡಿದರೆ ನಡುವೆ ಒಂದು ಪುಟ್ಟ ಉಂಗುರ ಕಾಣುತ್ತದೆ, ಕಣ್ಣಿನ ಪಾಪೆ ಹಾಗೆ. ಹರಳಿನ ಬುಡದ ಮೊನೆಯನ್ನು ಚಪ್ಪಟೆಯಾಗಿ ಸವೆದಿರುತ್ತಾರೆ, ಅದು ಕಾಣುವುದು. ಈಗಿನ ಹರಳಿನಲ್ಲಿ ಬುಡ ಚೂಪು, ಏನೂ ಕಾಣುವುದಿಲ್ಲ. ಹಳೆಯದರಲ್ಲಿ ನೆತ್ತಿ ಎತ್ತರ, ಮೇಲಿನ ಚಪ್ಪಟೆ ಜಾಗ ಸಣ್ಣದು, ಅಂಚು ಪೂರ್ತಿ ಗುಂಡಗೆ ಇಲ್ಲ. ಅಂಗಡಿಯ ಎಲ್‌ಇಡಿ ದೀಪದಲ್ಲಿ ಇವು ಮಂಕು ಅನ್ನಿಸಿದರೂ ಅನ್ನಿಸೀತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದಾಗ ಮೇಣದ ಬತ್ತಿ ಹಚ್ಚಿಟ್ಟು ನೋಡಬೇಕು. ಬಿಳಿ ಮಿನುಗು ಅಲ್ಲ, ಕೆಂಪು, ಹಸಿರು, ಕಿತ್ತಳೆ, ದಪ್ಪ ದಪ್ಪ ಕಿಡಿಗಳು ನಿಧಾನಕ್ಕೆ ಎದ್ದು ಬೀಳುತ್ತವೆ. ಅದನ್ನು ನೋಡಿದ ಮೇಲೆ ನನಗೆ ಹೊಸ ಹರಳು ಸಪ್ಪೆ ಅನ್ನಿಸಿತು.

ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ಕೂಡ ಹಿಡಿದೆ. ಹದಿನಾರರಲ್ಲಿ ಎರಡು ಮಸುಕು ನೀಲಿ, ಉಳಿದವು ಕತ್ತಲು. ಇದು ಒಳ್ಳೇ ಲಕ್ಷಣ, ಬೇರೆ ಬೇರೆ ಹರಳು ಹೆಕ್ಕಿ ಕಟ್ಟಿದಾಗ ಹೀಗೇ ಇರುತ್ತದೆ. ಎಲ್ಲವೂ ಒಂದೇ ಥರ ಹೊಳೆದರೆ ಅನುಮಾನ ಪಡಬೇಕು. ಬಿಸಿ ಅಳೆಯುವ ಪೆನ್ನಿನಂಥ ಟೆಸ್ಟರ್ ಒಂದನ್ನೇ ನಂಬಬೇಡಿ, ವಜ್ರದ ಹಾಗೇ ಕಾಣುವ ಮೊಯ್ಸನೈಟ್ ಅನ್ನುವ ಬೇರೆ ಕಲ್ಲಿಗೂ ಅದು ವಜ್ರ ಅಂತ ಕೂಗುತ್ತದೆ.

ಆ ಅಮ್ಮನಿಗೆ 15 ಕ್ಯಾರೆಟ್ಟಿನ ವಿಷಯ ಹೇಳಿಯೇ ಬೆಲೆ ಮಾತಾಡಿದೆ. ನನ್ನ ಗಂಡ ಇವತ್ತಿಗೂ ‘ಮೊದಲು ತಗೊಂಡು ಆಮೇಲೆ ಹೇಳಬಹುದಿತ್ತು’ ಅಂತಾರೆ. ಇರಲಿ. ಮನೆಗೆ ತಂದಾಗ ನಮ್ಮಮ್ಮ, ‘ಚಂದ್ರ ಈಶ್ವರನ ತಲೆ ಮೇಲಿರಬೇಕು, ನಿನ್ನ ಹೆಗಲ ಮೇಲೆ ಯಾಕೆ?’ ಅಂದರು.

ಹಾಕುವುದು ಬೇರೆಯದೇ ವಿದ್ಯೆ. ಅದನ್ನು ಯಾರೂ ಕಲಿಸಲಿಲ್ಲ, ಕಳೆದುಕೊಂಡು ಕಲಿತೆ. ಹಾಸನದಲ್ಲಿ ಅಣ್ಣನ ಮಗಳ ಮದುವೆ. ಮೈಸೂರ್ ಸಿಲ್ಕ್ ಉಟ್ಟು ಚಂದ್ರನನ್ನು ಚುಚ್ಚಿಕೊಂಡು ಹೊರಟೆ. ಒಂದೂವರೆ ಗಂಟೆ ಕಾರಿನಲ್ಲಿ ಕೂತಾಗ ಏನೂ ಆಗಲಿಲ್ಲ. ಛತ್ರದಲ್ಲಿ ಯಾರೋ ಅಪ್ಪಿಕೊಂಡರು, ಇನ್ಯಾರೋ ಸೆರಗು ಎಳೆದು ‘ಎಷ್ಟಾಯ್ತೇ ಇದು?’ ಅಂದರು. ಪಂಕ್ತಿಯಲ್ಲಿ ಕೂತು ಕೋಸಂಬರಿ ಬಾಯಿಗಿಡುವಾಗ ಹೆಗಲು ಮುಟ್ಟಿ ನೋಡಿದೆ, ಬರೀ ಬಟ್ಟೆ. ಊಟ ಬಿಟ್ಟು ಎದ್ದೆ. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕಿದ್ದು ನನ್ನದೇ ನೆರಿಗೆಯಲ್ಲಿ, ಒಳಲಂಗದ ಅಂಚಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಸೀರೆಗೆ ಮಾತ್ರ ಕಡಲೆಕಾಳಿನಷ್ಟು ತೂತು.

ಆಮೇಲೆ ಕಂಡುಕೊಂಡದ್ದು ಇಷ್ಟು. ಬೀಗ ಇಲ್ಲದ ಕೊಕ್ಕೆಯ ಬಾಯಿ ಕೆಳಮುಖವಾಗಿ ಇರಬೇಕು. ಬ್ರೋಚಿನ ಭಾರ ಕೆಳಗೆ ಜಗ್ಗುತ್ತದೆ, ಬಟ್ಟೆ ಪಿನ್ನನ್ನು ಮೇಲಕ್ಕೆ ಹಿಡಿಯುತ್ತದೆ, ಆಗ ಪಿನ್ನು ಕೊಕ್ಕೆಯ ಮುಚ್ಚಿದ ಕಡೆಗೆ ಒತ್ತಿಕೊಂಡು ಕೂರುತ್ತದೆ. ನಾನು ಅವತ್ತು ಚಂದ್ರನ ಕೋಡು ಮೇಲೆ ಬರಲಿ ಅಂತ ತಲೆಕೆಳಗು ಹಾಕಿದ್ದೆ, ಕೊಕ್ಕೆಯ ಬಾಯಿ ಮೇಲಾಗಿತ್ತು. ಬೀಳದೆ ಇನ್ನೇನು? ಪಿನ್ನನ್ನು ಒಂದೇ ಸಲ ಚುಚ್ಚಿ ಕೊಕ್ಕೆಗೆ ಹಾಕಬಾರದು. ಒಳಗೆ, ಹೊರಗೆ, ಮತ್ತೆ ಒಳಗೆ, ಹೂ ಪೋಣಿಸಿದ ಹಾಗೆ ಎರಡು ಸಲ ಬಟ್ಟೆ ಹಿಡಿಯಬೇಕು. ಸೆರಗಿನ ಜೊತೆ ರವಿಕೆಯನ್ನೂ ಸೇರಿಸಿ ಚುಚ್ಚಬೇಕು, ರವಿಕೆಯ ಒಳಗಡೆ ಹೆಗಲಿನ ಜಾಗಕ್ಕೆ ಲೈನಿಂಗ್ ಬಟ್ಟೆಯ ಎರಡು ಮಡಿಕೆ ತುಂಡನ್ನು ಟೈಲರ್ ಹತ್ತಿರ ಹೊಲಿಸಿಟ್ಟುಕೊಂಡರೆ ಭಾರ ಅದರ ಮೇಲೆ ಬೀಳುತ್ತದೆ, ಸೀರೆ ಮೇಲೆ ಅಲ್ಲ. ಕೊನೆಗೆ, ಹೊರಗೆ ಬಂದ ಪಿನ್ನಿನ ಮೊನೆಗೆ ಕಿವಿಯೋಲೆ ಹಿಂದಿನ ರಬ್ಬರ್ ಬುಶ್ ಒಂದನ್ನು ತಳ್ಳಿಬಿಡಿ. ಎರಡು ರೂಪಾಯಿ ಸಾಮಾನು. ಹಳೇ ಕೊಕ್ಕೆ ಕಿತ್ತು ಹೊಸದು ಹಾಕಿಸಿ ಅಂತ ಎಲ್ಲರೂ ಹೇಳಿದರು, ನಾನು ಒಪ್ಪಲಿಲ್ಲ. ಆ ಕೊಕ್ಕೆಯಿಂದಲೇ ತಾನೇ ನಾನು ಅದರ ವಯಸ್ಸು ಕಂಡುಹಿಡಿದದ್ದು?

ಕ್ರೇಪ್, ಜಾರ್ಜೆಟ್, ಟಿಶ್ಯೂ ಸೀರೆಗೆ ಈಗ ಪಿನ್ ಬ್ರೋಚ್ ಮುಟ್ಟಿಸುವುದೇ ಇಲ್ಲ. ಖಾದಿ, ಇಳಕಲ್, ದಪ್ಪ ಕಾಟನ್ ಸರಿ. ಡಿಸೆಂಬರ್ ಚಳಿಯಲ್ಲಿ ಉಣ್ಣೆ ಶಾಲಿಗೆ ಹಾಕಿದರೆ ಇನ್ನೂ ಚೆಂದ, ಉಣ್ಣೆಯಲ್ಲಿ ಪಿನ್ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಕುತ್ತಿಗೆಗೆ ದೊಡ್ಡ ಸರ ಬೇಡ. ಬ್ರೋಚ್ ಹಾಕಿದ ದಿನ ಓಲೆ ಒಂದು ಸಾಕು.

ಗಾಜಿನದ್ದಕ್ಕೆ ಬರುತ್ತೇನೆ. ಅದು ಜೋಡಿ ಕ್ಲಿಪ್. ಎರಡು ಸೇರಿಸಿದರೆ ಒಂದು ಬ್ರೋಚ್, ಬಿಡಿಸಿದರೆ ಎರಡು ಕ್ಲಿಪ್. 1927ರಲ್ಲಿ ಪ್ಯಾರಿಸ್ಸಿನ ಆಭರಣದ ಕಂಪನಿ ಕಾರ್ಟಿಯೇ ಇಂಥದ್ದಕ್ಕೆ ಪೇಟೆಂಟ್ ತಗೊಂಡ ಮೇಲೆ 1930ರ ದಶಕದಲ್ಲಿ ವಜ್ರದಲ್ಲೂ ಗಾಜಿನಲ್ಲೂ ರಾಶಿ ರಾಶಿ ಬಂದವು. ಪಿನ್ನಿಲ್ಲ, ಹಿಂದೆ ಹಲ್ಲಿರುವ ರೆಕ್ಕೆ ಇರುತ್ತದೆ, ಬಟ್ಟೆಯ ಅಂಚನ್ನು ಕಚ್ಚುತ್ತದೆ. ರವಿಕೆಯ ಕತ್ತಿನ ಎರಡು ಮೂಲೆಗೆ ಒಂದೊಂದು ಹಾಕುತ್ತೇನೆ, ಮೈಸೂರ್ ಸಿಲ್ಕಿಗೂ ಧೈರ್ಯವಾಗಿ. ಕಳೆದರೂ ನಿದ್ದೆ ಬರುತ್ತದೆ. ಇದನ್ನು ತೊಳೆಯುವಾಗ ಮಾತ್ರ ಕೆಡಿಸಿದೆ. ಓಲೆ ತೊಳೆಯುವ ಹಾಗೆ ಅಂಟುವಾಳದ ಬಿಸಿನೀರಿನಲ್ಲಿ ಅದ್ದಿಟ್ಟೆ. ಹರಳಿನ ಹಿಂದೆ ಕನ್ನಡಿ ಥರದ ಲೇಪ ಇತ್ತು, ನೀರು ಹೊಕ್ಕು ಎರಡು ಹರಳು ಬೂದಿ ಬಣ್ಣಕ್ಕೆ ತಿರುಗಿದವು. ಹಿಂಭಾಗ ಮುಚ್ಚಿರುವ ಯಾವುದನ್ನೂ ನೀರಿಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಅಷ್ಟೇ. ಹಿಂಭಾಗ ತೆರೆದಿರುವ ವಜ್ರಕ್ಕೆ ಉಗುರುಬೆಚ್ಚಗಿನ ಸೋಪಿನ ನೀರು, ಮಗುವಿನ ಬ್ರಷ್ ಸಾಕು. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ತಲೆಗೆ ಎಣ್ಣೆ ಹಾಕುವ ನಮ್ಮಂಥವರ ಹೆಗಲ ಮೇಲೆ ಅದು ತಿಂಗಳಲ್ಲೇ ಮಂಕಾಗುತ್ತದೆ.

ಇಡುವುದು ಶಾಲಿನ ಜೊತೆ ಬೇಡ. ಉಣ್ಣೆಯಲ್ಲಿ ಗಂಧಕ ಇದೆ, ಅದರ ಜೊತೆ ನಮ್ಮ ಜುಲೈ ತಿಂಗಳ ಥಂಡಿಯೂ ಸೇರಿದರೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಕಪ್ಪಾಯಿತು ಅಂತ ಪಾಲಿಶ್ ಮಷಿನ್ನಿಗೂ ಕೊಡಬೇಡಿ. ಹರಳು ಹಿಡಿದಿರುವ ಬೆಳ್ಳಿಯ ಕಾಳುಗಳೇ ಸವೆದುಹೋಗುತ್ತವೆ.

ಹದಿನೇಳನೇ ಹರಳಿನ ಜಾಗ ಎರಡು ವರ್ಷ ಖಾಲಿ ಇತ್ತು. ಹೊಸ ಹರಳು ಹಾಕಿದರೆ ಎದ್ದು ಕಾಣುತ್ತಿತ್ತು. ಆಚಾರ್ರು ‘ಮನೆಯಲ್ಲಿ ಮುರಿದ ಮೂಗುಬೊಟ್ಟು ಏನಾದರೂ ಇದ್ದರೆ ತನ್ನಿ, ಹಳೇ ಕಟಿಂಗ್ ಇರುತ್ತದೆ’ ಅಂದರು. ಅಮ್ಮ ತಮ್ಮ ಅತ್ತೆಯದೊಂದನ್ನು ಕರಡಿಗೆಯಿಂದ ತೆಗೆದು ಕೊಟ್ಟರು, ಬೈದುಕೊಂಡೇ. ಅದು ಬ್ಲೂ ಜಾಗರ್ ಕಲ್ಲು ಅಂತ ಅವರ ಹೆಮ್ಮೆ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯ ಹೆಸರು ನಮ್ಮವರ ಬಾಯಲ್ಲಿ ಹಾಗಾಗಿದೆ. ಆ ಗಣಿಯದೇ ಹೌದೋ ಅಲ್ಲವೋ, ಅಳತೆ ಮಾತ್ರ ಸರಿಯಾಗಿ ಕೂತಿತು. ಹಗಲಿನಲ್ಲಿ ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ. ಯುವಿ ಟಾರ್ಚ್ ಹಿಡಿದರೆ ಎಡಗಡೆಯಿಂದ ನಾಲ್ಕನೆಯದು ಗಾಢ ನೀಲಿ ಹತ್ತಿಕೊಂಡು ಉರಿಯುತ್ತದೆ. ಅಮ್ಮ ಮನೆಗೆ ಬಂದವರಿಗೆಲ್ಲ ದೀಪ ಆರಿಸಿ ಅದನ್ನೇ ತೋರಿಸುತ್ತಾರೆ.