ಹಳೆಯ ಓಮ್ನಿ ಬಿಸಿಯೇರುತ್ತಿದೆಯೇ? ಬಿಚ್ಚುವ ಮುನ್ನ ಗಮನಿಸಿ

1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೂ ತರಕಾರಿ ಸಾಗಿಸುತ್ತ, ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತ ದುಡಿಯುವ ಓಮ್ನಿಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಇದರ 796 ಸಿಸಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದ್ದರೆ, ಎಂಜಿನ್ನಿನ ಬಿಸಿನೀರನ್ನು ತಣಿಸುವ ರೇಡಿಯೇಟರ್ ಗಾಡಿಯ ಮೂತಿಯಲ್ಲಿದೆ. ನಡುವಿನ ಉದ್ದನೆಯ ಪೈಪುಗಳಲ್ಲಿ ನೀರು ಓಡಾಡಬೇಕಾದ್ದರಿಂದ ಸೋರುವುದಕ್ಕೂ ಗಾಳಿ ಸಿಕ್ಕಿಕೊಳ್ಳುವುದಕ್ಕೂ ಇಲ್ಲಿ ಆಸ್ಪದ ಹೆಚ್ಚು.

ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಯಾವ ಹೊತ್ತಿನಲ್ಲಿ ಏರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡತೊಡಗಿದ ಮೇಲೆ ಇಳಿದರೆ ಫ್ಯಾನಿನ ಮೇಲೆ ಅನುಮಾನ. ಊರೊಳಗೆ ಸರಿಯಾಗಿದ್ದು ಚಾರ್ಮಾಡಿಯಂಥ ಘಾಟಿ ಹತ್ತುವಾಗ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ಹೊರಟ ಕೆಲವೇ ನಿಮಿಷಗಳಲ್ಲಿ ಏರಿದರೆ ನೀರು ಕಡಿಮೆಯಾಗಿರಬೇಕು, ಇಲ್ಲವೇ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ತೆರೆದುಕೊಳ್ಳುತ್ತಿಲ್ಲ.

ಪರೀಕ್ಷೆಯನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಆರಂಭಿಸಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆ ಮುಚ್ಚಳವನ್ನು ಅನೇಕರು ಬರಿಯ ಬಿರಡೆ ಎಂದುಕೊಂಡಿದ್ದಾರೆ. ವಾಸ್ತವದಲ್ಲಿ ಅದು ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಬಿಂದುವನ್ನು ಏರಿಸುವ ಸಾಧನ: ಸುಮಾರು 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ನೀರು 118 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನವರೆಗೂ ಕುದಿಯುವುದಿಲ್ಲ. ಅದರ ರಬ್ಬರ್ ಬಿರಿದಿದ್ದರೆ ಈ ಲಾಭವೆಲ್ಲ ಹೋಗುತ್ತದೆ. ಮಡಿಕೇರಿಯಂಥ ಎತ್ತರದ ಊರಿನಲ್ಲಿ 96 ಡಿಗ್ರಿಗೇ ಕುದಿಯತೊಡಗುತ್ತದೆ. ಎಲ್ಲಕ್ಕಿಂತ ಅಗ್ಗದ ಭಾಗವಾದ್ದರಿಂದ ಅನುಮಾನವಿದ್ದರೆ ಇದನ್ನೇ ಮೊದಲು ಬದಲಿಸಿ.

ಬಳಿಕ ಹೋಸ್ ಪೈಪುಗಳ ಕ್ಲಿಪ್ಪುಗಳಲ್ಲಿ, ವಾಟರ್ ಪಂಪಿನ ಕೆಳಗೆ ಕೂಲೆಂಟ್ (ಎಂಜಿನ್ ತಣಿಸುವ ನೀರಿಗೆ ಬೆರೆಸುವ ದ್ರವ) ಒಣಗಿದ ಕಲೆಗಳಿವೆಯೇ ಎಂದು ಹುಡುಕಿ, ವಾಟರ್ ಪಂಪನ್ನು ತಿರುಗಿಸುವ ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ಎಂದು ಒತ್ತಿ ನೋಡಿ. ರೇಡಿಯೇಟರ್ ಫ್ಯಾನ್ ತಿರುಗದಿದ್ದರೆ ಅದರ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಡಿ. ಆಗ ತಿರುಗಿದರೆ ದೋಷ ಫ್ಯೂಸ್, ರಿಲೇ, ಸ್ವಿಚ್ ಅಥವಾ ಅರ್ತ್ ತಂತಿಯಲ್ಲಿದೆ. ತಿರುಗದಿದ್ದರೆ ಮೋಟಾರೇ ಕೆಟ್ಟಿದೆ.

ಥರ್ಮೋಸ್ಟಾಟನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಡಿ. ನೀರು ಕುದಿಯುವುದಕ್ಕೆ ಸಾಕಷ್ಟು ಮೊದಲೇ ಅದು ಬಾಯಿ ಬಿಡಬೇಕು. ಕೆಲವು ಗ್ಯಾರೇಜುಗಳಲ್ಲಿ ಇದನ್ನು ತೆಗೆದೆಸೆದು ಗಾಡಿ ಕೊಡುವ ರೂಢಿಯಿದೆ, ನನಗದು ಒಪ್ಪಿಗೆಯಿಲ್ಲ. ಎಂಜಿನ್ ತಕ್ಕ ಬಿಸಿಗೆ ಬರುವುದು ತಡವಾಗಿ ಪೆಟ್ರೋಲ್ ಹೆಚ್ಚು ಸುಡುವುದಲ್ಲದೆ, ಮೂಲ ರೋಗವೂ ಮರೆಯಾಗುತ್ತದೆ.

ಆ ಮೂಲ ರೋಗ ಎಷ್ಟೋ ಸಲ ಬೋರ್‌ವೆಲ್ ನೀರಿನದು. ವರ್ಷಗಟ್ಟಲೆ ಗಡಸು ನೀರು ಸುರಿದ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ, ಸ್ನಾನದ ಮನೆಯ ಹಂಡೆಯೊಳಗೆ ಕಟ್ಟುವಂಥದೇ ಬಿಳಿಯ ಪದರ ಕೂರುತ್ತದೆ. ಗಾಡಿ ಓಡಿಸಿ ನಿಲ್ಲಿಸಿದ ಮೇಲೆ, ಫ್ಯಾನ್ ತಾನಾಗಿ ತಿರುಗದಂತೆ ಬ್ಯಾಟರಿಯ ತಂತಿ ಕಳಚಿ, ರೇಡಿಯೇಟರಿನ ಮುಂಭಾಗದ ಹತ್ತಿರ ಅಂಗೈ ಹಿಡಿಯಿರಿ: ಉಳಿದೆಡೆ ಬಿಸಿಯಿದ್ದು ಒಂದು ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ.

ಹೊರಗೆಲ್ಲೂ ಸೋರದೆ ನೀರು ಇಳಿಯುತ್ತಿದ್ದು, ಎಂಜಿನ್ ಓಡುವಾಗ ರೇಡಿಯೇಟರ್ ಬಾಯಲ್ಲಿ ಎಡೆಬಿಡದೆ ಗುಳ್ಳೆಗಳೇಳುತ್ತಿದ್ದರೆ ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ, ಸೋರದಂತೆ ತಡೆಯುವ ಪದರ) ಹೋಗಿರುವ ಸಾಧ್ಯತೆಯೇ ಹೆಚ್ಚು. ಅಂಥ ಗಾಡಿಯನ್ನು ಓಡಿಸದೆ ಎಳೆದೊಯ್ಯಿಸಿ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಸೊಟ್ಟಗಾದರೆ ಗ್ಯಾಸ್ಕೆಟ್ ಜೊತೆಗೆ ಹೆಡ್ ಫೇಸಿಂಗ್, ಅಂದರೆ ಅದರ ಮೈಯನ್ನು ಉಜ್ಜಿ ಮಟ್ಟಸ ಮಾಡಿಸುವ ಖರ್ಚೂ ಸೇರುತ್ತದೆ.

ದುರಸ್ತಿಯ ನಂತರ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರನ್ನು ಸಮಪಾಲಿನಲ್ಲಿ ಬೆರೆಸಿ ತುಂಬಿಸಿ. ಆಗ ಗಾಡಿಯ ಮೂತಿ ತುಸು ಏರಿನತ್ತ ಇರುವಂತೆ ನಿಲ್ಲಿಸಿ, ಕೈಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಶುರು ಮಾಡಿ, ಗುಳ್ಳೆಗಳು ನಿಲ್ಲುವವರೆಗೂ ದೂರದಿಂದ ನೋಡುತ್ತ, ಮಟ್ಟ ಇಳಿದಂತೆ ತುಂಬಿಸುತ್ತ ಹೋಗಿ. ಮರುದಿನ ಬೆಳಿಗ್ಗೆ ಗಾಡಿ ಹೊರಡಿಸುವ ಮುನ್ನ ಮಟ್ಟವನ್ನು ಇನ್ನೊಮ್ಮೆ ನೋಡಿ.