4588, 4589: ನಾಲ್ಕು ದೇಶದ ಸರ್ವರ್‌ಗಳು ಎರಡು ಅಂಕಿಗೆ ಒಪ್ಪಿದ ಲೆಕ್ಕ

ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರು. ಗೂಢಲಿಪಿ ಒಡೆಯಬಲ್ಲ ಕ್ವಾಂಟಮ್ ಕಂಪ್ಯೂಟರೇ ಬಂದಿಲ್ಲ, ಈಗಲೇ ಗೂಢಲಿಪಿ ಬದಲಿಸೋದು ಯಾಕೆ ಅಂತ. ಇವತ್ತು ಹಿಡಿದಿಟ್ಟುಕೊಂಡ ಟ್ರಾಫಿಕ್ಕನ್ನು ಹತ್ತು ಹದಿನೈದು ವರ್ಷ ಬಿಟ್ಟು ಬಿಚ್ಚಬಹುದು, ನಮ್ಮ ಡ್ರಾಯಿಂಗ್ ಫೈಲುಗಳ ಆಯುಸ್ಸು ಅದಕ್ಕಿಂತ ಹೆಚ್ಚು. ಅಷ್ಟೇ ಕಾರಣ. ಈಗ ಬೆಂಗಳೂರು, ಜರ್ಮನಿ, ಅಮೆರಿಕ, ಸಿಂಗಪುರ ನಾಲ್ಕೂ ತುದಿ ಹೈಬ್ರಿಡ್ ಕೀ ವಿನಿಮಯದಲ್ಲಿ ಓಡುತ್ತಿವೆ, ಅಂದರೆ ಸಂಪರ್ಕದ ಗುಟ್ಟಿನ ಕೀಯನ್ನು ಹಳೆಯ ವಿಧಾನ, ಕ್ವಾಂಟಮ್‌ಗೂ ಜಗ್ಗದ ಹೊಸ ವಿಧಾನ ಎರಡನ್ನೂ ಸೇರಿಸಿ ಮಾಡಿಕೊಳ್ಳುತ್ತವೆ. ಇದಕ್ಕೇ ಪ್ರತ್ಯೇಕ ಬಾಕ್ಸ್ ಬೇಕೆಂದು ಬಂದ ಕೊಟೇಶನ್ 40 ಲಕ್ಷದ ಆಸುಪಾಸಿನಲ್ಲಿತ್ತು. ನಮಗೆ ತಗುಲಿದ್ದು ಒಂದು ಫೈರ್‌ವಾಲ್ ಬದಲಾವಣೆ, ಸುಮಾರು ಮೂರೂವರೆ ಲಕ್ಷ, ಜೊತೆಗೆ ಇಬ್ಬರ ಎರಡೂವರೆ ತಿಂಗಳ ದುಡಿಮೆ.

ಬಾಕ್ಸ್ ಬೇಡ ಅಂದಿದ್ದಕ್ಕೆ ದುಡ್ಡೊಂದೇ ಕಾರಣವಲ್ಲ. ಸೂಕ್ಷ್ಮ ತಂತ್ರಜ್ಞಾನದ ರಫ್ತಿಗೆ ಕಡಿವಾಣ ಹಾಕುವ ವಾಸೆನಾರ್ ಒಪ್ಪಂದದ ಪಟ್ಟಿಯಲ್ಲಿ ಲ್ಯಾಟಿಸ್ (ಹೊಸ ವಿಧಾನದ ಹಿಂದಿನ ಗಣಿತ) ಆಧಾರಿತ ಗೂಢಲಿಪಿಯ ಪ್ರಸ್ತಾಪ ನೇರವಾಗಿಯೇ ಇದೆ, ಅದೇ ಬಗೆಯ ಕೈಬರ್ ಹೆಸರೂ ಉದಾಹರಣೆಯಾಗಿ ಬರುತ್ತದೆ. ಭಾರತ 2017ರ ಡಿಸೆಂಬರ್‌ನಲ್ಲಿ ಆ ಕೂಟ ಸೇರಿದ ಮೇಲೆ ನಮ್ಮ ರಫ್ತು ನಿಯಂತ್ರಣದ ಸ್ಕೋಮೆಟ್ ಪಟ್ಟಿಯ 8ನೇ ವಿಭಾಗ ಅದನ್ನೇ ಅನುಸರಿಸುತ್ತದೆ. ಗೂಢಲಿಪಿ ಯಂತ್ರವನ್ನು ಗಡಿ ದಾಟಿಸಲು ಹೊರಟರೆ ಮೊದಲು ಕಾಗದಪತ್ರ. ಹಾಗಾಗಿ ಯಾರೂ ಯಾರಿಗೂ ಏನೂ ಕಳಿಸಲಿಲ್ಲ. ಪ್ರತಿ ತುದಿಯವರೂ ತಮ್ಮ ಲಿನಕ್ಸ್ ಡಿಸ್ಟ್ರೋದಿಂದಲೇ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3.5 ಇಳಿಸಿಕೊಂಡರು. ಡೆಬಿಯನ್ 13ರಲ್ಲಿ ಅದು ಸಿದ್ಧವಾಗಿಯೇ ಬರುತ್ತದೆ. ಉಬುಂಟು 24.04ರಲ್ಲಿ 3.0 ಇರುವುದರಿಂದ ಬೇರೆ ಬಿಲ್ಡ್ ಮಾಡಿಕೊಳ್ಳಬೇಕು. ಲೈಬ್ರರಿ ಏರಿಸಿದ ಮಾತ್ರಕ್ಕೆ ಆಗಲಿಲ್ಲ, ವೆಬ್ ಸರ್ವರ್ ಎಂಜಿನ್‌ಎಕ್ಸ್ ಹಳೆಯದನ್ನೇ ಸ್ಟ್ಯಾಟಿಕ್ ಆಗಿ ಒಳಗಿಟ್ಟುಕೊಂಡಿದ್ದರೆ ಏನೂ ಬದಲಾಗಿರುವುದಿಲ್ಲ. ಎಂಜಿನ್‌ಎಕ್ಸ್‌ಗೆ ದೊಡ್ಡಕ್ಷರದ ವಿ (-V) ಆಯ್ಕೆ ಕೊಟ್ಟು ಯಾವ ಓಪನ್‌ಎಸ್‌ಎಸ್‌ಎಲ್ ಎಂದು ನೋಡಿಕೊಳ್ಳಿ.

ನಿಜವಾದ ಏಟು ಬಿದ್ದದ್ದು ಕರಡಿನ ಕಾಲದ ಅಂಕಿಯಿಂದ. ವೆಬ್ ಸಂಪರ್ಕವನ್ನು ಗುಟ್ಟಾಗಿಡುವ ಟಿಎಲ್‌ಎಸ್‌ನಲ್ಲಿ ಪ್ರತಿ ಕೀ ವಿನಿಮಯ ಗುಂಪಿಗೂ (ವಿಧಾನಕ್ಕೂ) ಒಂದು ಸಂಖ್ಯೆ. ಹಳೆಯ ವಿಧಾನ ಎಕ್ಸ್25519 ಜೊತೆ ಕೈಬರ್‌ನ ಅಂತಿಮ ರೂಪ ಎಂಎಲ್-ಕೆಇಎಂ 768 ಸೇರಿದ್ದು 4588. ಅದಕ್ಕೂ ಮುಂಚಿನ ಕೈಬರ್ ಕರಡಿನದು 25497. 2024ರ ಆಗಸ್ಟ್‌ನಲ್ಲಿ ಎಂಎಲ್-ಕೆಇಎಂನ ಅಮೆರಿಕದ ಮಾನದಂಡ ಎಫ್‌ಐಪಿಎಸ್ 203 ಅಂತಿಮವಾದಾಗ ಒಳಗಿನ ಲೆಕ್ಕವೂ ಕೊಂಚ ಬದಲಾಯಿತು, ಎರಡಕ್ಕೂ ಹೊಂದಾಣಿಕೆಯಿಲ್ಲ. ಒಂದು ತುದಿಯಲ್ಲಿ ಹಳೆಯ ಪ್ಲಗಿನ್ 25497 ಹೇಳುತ್ತಿತ್ತು, ಇನ್ನೊಂದು 4588. ಎರಡೂ ಪಟ್ಟಿಯಲ್ಲಿ ಬರೀ ಎಕ್ಸ್25519 ಕೂಡ ಇದ್ದದ್ದರಿಂದ ಇಬ್ಬರೂ ಸದ್ದಿಲ್ಲದೆ ಅದಕ್ಕೇ ಇಳಿದರು. ಸಂಪರ್ಕ ಸರಿ, ಎಲ್ಲಾ ಹಸಿರು, ಮೂರು ವಾರ ಯಾರಿಗೂ ಗೊತ್ತೇ ಆಗಲಿಲ್ಲ. ಹೆಸರು ನೋಡಿ ಬೈಟುಗಳ ಕ್ರಮ ಊಹಿಸಲೂಬೇಡಿ: 4588ರಲ್ಲಿ ಹೆಸರಿನಲ್ಲಿ ಎಕ್ಸ್25519 ಮೊದಲು ಬಂದರೂ ತಂತಿಯ ಮೇಲೆ ಎಂಎಲ್-ಕೆಇಎಂ ಮೊದಲು. ಹಳೆಯ ಕರಡಿನಲ್ಲಿ ತಿರುಗುಮುರುಗು.

ಅಂದಿನಿಂದ ಎರಡು ಕಟ್ಟಳೆ. ಒಂದು, ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಎಸ್‌ಎಸ್‌ಎಲ್ ಕರ್ವ್ ವೇರಿಯಬಲ್ ಕಡ್ಡಾಯ, ಒಪ್ಪಿಕೊಂಡ ಗುಂಪು ಯಾವುದೆಂದು ಪ್ರತಿ ಸಾಲಿನಲ್ಲೂ ಬೀಳಬೇಕು. ಎರಡು, 8443ನೇ ಪೋರ್ಟ್‌ನಲ್ಲಿ ಇನ್ನೊಂದು ಬಾಗಿಲು, ಅಲ್ಲಿ 4588 ಬಿಟ್ಟು ಬೇರೇನೂ ಇಲ್ಲ. ಅಲ್ಲಿ ಮುಗ್ಗರಿಸಿದವರ ಪಟ್ಟಿಯೇ ಕೆಲಸದ ಪಟ್ಟಿ. ಇದು ಟಿಎಲ್‌ಎಸ್ 1.3ರಲ್ಲಿ ಮಾತ್ರ ನಡೆಯುತ್ತದೆ, 1.2ರಲ್ಲೇ ನಿಂತವರೆಲ್ಲ ಮೊದಲ ದಿನವೇ ಸಿಕ್ಕಿಬಿದ್ದರು.

ಫೈರ್‌ವಾಲ್ ಕತೆ ಬೇರೆ. ಸಂಪರ್ಕ ಕೇಳುವ ಮೊದಲ ಸಂದೇಶವೇ ಕ್ಲೈಂಟ್ ಹಲೋ. ಹಳೆಯದು ಐನೂರು ಚಿಲ್ಲರೆ ಬೈಟು, ಒಂದೇ ಪ್ಯಾಕೆಟ್. ಹೊಸದರಲ್ಲಿ ಕೀ ಪಾಲೇ 1184 ಮತ್ತು 32 ಸೇರಿ 1216, ಒಟ್ಟು 1700 ದಾಟಿ ಎರಡು ಪ್ಯಾಕೆಟ್ ಆಗುತ್ತದೆ. ಸರ್ವರ್ ಹೆಸರನ್ನು ಮೊದಲ ಪ್ಯಾಕೆಟ್‌ನಲ್ಲೇ ಹುಡುಕುವ ಹಳೆಯ ಪೆಟ್ಟಿಗೆಗಳು ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತವೆ. ಕ್ರೋಮ್ ಆ ಸಂದೇಶದೊಳಗಿನ ವಿಸ್ತರಣೆಗಳ (ಸರ್ವರ್ ಹೆಸರಿನಂಥ ತುಣುಕುಗಳ) ಕ್ರಮವನ್ನು ಪ್ರತಿ ಸಲ ಕಲಸುತ್ತದೆ, ಹೆಸರು ಒಮ್ಮೆ ಮೊದಲ ಪ್ಯಾಕೆಟ್‌ನಲ್ಲಿ, ಒಮ್ಮೆ ಎರಡನೆಯದರಲ್ಲಿ. ಹಾಗಾಗಿ ರೀಲೋಡ್ ಮಾಡಿದರೆ ಸರಿಯಾಗುತ್ತದೆ, ಮತ್ತೆ ಕೆಡುತ್ತದೆ, ಎಲ್ಲರೂ ನೆಟ್‌ವರ್ಕ್ ನಿಧಾನ ಎನ್ನುತ್ತಾರೆ. ಎರಡೂ ಬದಿ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿದರೆ ಎರಡು ಸೆಗ್ಮೆಂಟ್ ಹೊರಟಿರುತ್ತವೆ, ಆಚೆ ಬದಿಗೆ ಒಂದೂ ಪೂರ್ತಿ ತಲುಪಿರುವುದಿಲ್ಲ. ಸಾಧನ ಒದಗಿಸಿದವರು ಫರ್ಮ್‌ವೇರ್ ಕೊಡುತ್ತೇವೆಂದು ಆರು ವಾರ ಎಳೆದರು, ಕೊನೆಗೆ ಬದಲಿಸಿದೆವು. ಆಚೆ ದೇಶದ ಪೆಟ್ಟಿಗೆಯೇ ತಪ್ಪಿತಸ್ಥ ಎಂದು ಅದಕ್ಕೆ ಪ್ರವೇಶವಿಲ್ಲದೆ ತೋರಿಸಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಅದೇ ನಮ್ಮ ಬಂಡವಾಳ.

ಜಾವಾ ಇನ್ನೊಂದು ವಾರ ತಿಂದಿತು. ಅದರ ಜೆಡಿಕೆ 24ನೇ ಆವೃತ್ತಿಯಲ್ಲಿ ಎಂಎಲ್-ಕೆಇಎಂ ಬಂದಿದೆ ನಿಜ, ಪ್ರೋಗ್ರಾಂ ಬರೆಯುವವರು ಕರೆದುಕೊಳ್ಳುವ ಎಪಿಐ ಆಗಿ ಮಾತ್ರ. ಆ ಆವೃತ್ತಿಯ ಟಿಎಲ್‌ಎಸ್ ಅದನ್ನು ಮುಟ್ಟುವುದಿಲ್ಲ. ಜಾವಾದ ಎದುರಿಗೆ ಎಂಜಿನ್‌ಎಕ್ಸ್ ಕೂರಿಸಿ ಸುಮ್ಮನಾದೆವು.

ಇನ್ನು ದೇಶ ದೇಶಗಳ ಹಟ. ಜರ್ಮನಿಯ ಬಿಎಸ್‌ಐ, ಫ್ರಾನ್ಸಿನ ಎಎನ್‌ಎಸ್‌ಎಸ್‌ಐ ಎರಡೂ ಸೈಬರ್ ಭದ್ರತಾ ಸಂಸ್ಥೆಗಳು ಹೈಬ್ರಿಡ್ ಇರಲಿ ಎನ್ನುತ್ತವೆ, ಹಳೆಯದೂ ಹೊಸದೂ ಜೊತೆಗೆ. ಅಮೆರಿಕದ ಎನ್‌ಎಸ್‌ಎಯ ಸಿಎನ್‌ಎಸ್‌ಎ 2.0 ನಿಯಮಾವಳಿಗೆ ಇನ್ನೂ ದೊಡ್ಡ ಎಂಎಲ್-ಕೆಇಎಂ 1024 ಬೇಕು, ಹೈಬ್ರಿಡ್ ಕಡ್ಡಾಯವಲ್ಲ. ನಮ್ಮ ಒಲವು ಜರ್ಮನಿಯ ಕಡೆ. ಕ್ವಾಂಟಮ್‌ಗೆ ಜಗ್ಗದ ಗೂಢಲಿಪಿ ಆರಿಸಲು ಅಮೆರಿಕದ ಎನ್‌ಐಎಸ್‌ಟಿ ನಡೆಸಿದ ಸ್ಪರ್ಧೆಯಲ್ಲಿ ನಾಲ್ಕನೇ ಸುತ್ತಿನವರೆಗೆ ಬಂದಿದ್ದ ಸೈಕ್ ಎಂಬ ವಿಧಾನವನ್ನು 2022ರಲ್ಲಿ ಬೆಲ್ಜಿಯಮ್ಮಿನ ಇಬ್ಬರು ಒಂದೇ ಪ್ರೊಸೆಸರ್ ಕೋರ್‌ನಲ್ಲಿ, ತಾಸಿನ ಆಸುಪಾಸಿನಲ್ಲಿ ಒಡೆದು ಹಾಕಿದರು. ಹೊಸದನ್ನೇ ನಂಬಿ ಹಳೆಯದನ್ನು ಎಸೆಯಬಾರದು. ಅಮೆರಿಕದ ಸಾಲಿನಲ್ಲಿ ಎರಡೂ ಕಡೆಯವರು ಒಪ್ಪಿದ್ದು 4589ಕ್ಕೆ: ಹಳೆಯ ವಿಧಾನ ಪಿ-384 ಜೊತೆ ಎಂಎಲ್-ಕೆಇಎಂ 1024. ಕೀ ಪಾಲು 97 ಮತ್ತು 1568 ಸೇರಿ 1665, ಅದೊಂದೇ ಒಂದು ಪ್ಯಾಕೆಟ್ ಮೀರುತ್ತದೆ. ಓಪನ್‌ಎಸ್‌ಎಸ್‌ಎಲ್ ಕ್ಲೈಂಟ್ ತಾನಾಗಿ ಈ ಪಾಲನ್ನು ಕಳಿಸುವುದಿಲ್ಲ, ಸರ್ವರ್ ವಾಪಸ್ ಕೇಳುತ್ತದೆ, ಅಮೆರಿಕದ ಸಾಲಿನಲ್ಲಿ ಆ ಒಂದು ಸುತ್ತಿಗೇ 230 ಮಿಲಿಸೆಕೆಂಡ್ ಹತ್ತಿರ ಹೋಗುತ್ತದೆ. ಗುಂಪಿನ ಹೆಸರಿನ ಆರಂಭದಲ್ಲೇ ನಕ್ಷತ್ರ ಚಿಹ್ನೆ (*) ಹಾಕಿದರೆ ಮೊದಲ ಸಲವೇ ಹೊರಡುತ್ತದೆ. ಅಮೆರಿಕಕ್ಕೆ 4589, ಉಳಿದವರಿಗೆ 4588. ಪಟ್ಟಿಯ ಪೂರ್ತಿ ಕ್ರಮ ಕೇಳಬೇಡಿ.

ಖರ್ಚಿನ ಲೆಕ್ಕ ಹೇಳುವುದಾದರೆ, ಸಿಪಿಯು ಗ್ರಾಫಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಾದದ್ದು ಬೈಟು: 4588ರಲ್ಲಿ ಪ್ರತಿ ಹಸ್ತಲಾಘವಕ್ಕೆ (ಸಂಪರ್ಕದ ಆರಂಭದ ಮಾತುಕತೆಗೆ) 1184 ಹೋಗಿ 1088 ಬಂದು 2272. ದಿನಕ್ಕೆ ಹತ್ತು ಲಕ್ಷ ಸಂಪರ್ಕವಾದರೂ ಎರಡೂಕಾಲು ಜಿಬಿ, ತಲೆಕೆಡಿಸಿಕೊಳ್ಳುವಂಥದ್ದಲ್ಲ.

ಮಧ್ಯೆ ಸುಮ್ಮನಿರಲಾರದೆ ಕ್ವಾಂಟಮ್‌ಗೆ ಜಗ್ಗದ ಸಹಿ ವಿಧಾನ ಎಂಎಲ್-ಡಿಎಸ್‌ಎ 44ರ ಸರ್ಟಿಫಿಕೇಟ್ ಸರಣಿಯನ್ನೂ ಕಟ್ಟಿ ನೋಡಿದ್ದಾಯಿತು. ಸಹಿ 2420, ಕೀ 1312. ಎರಡು ಸರ್ಟಿಫಿಕೇಟ್, ಜೊತೆಗೆ ಒಂದು ಹಸ್ತಲಾಘವದ ಸಹಿ ಅಂದರೆ ಹತ್ತಿರ ಹತ್ತಿರ 10 ಸಾವಿರ ಬೈಟು. ಒಳಗಿನ ನೆಟ್‌ವರ್ಕ್‌ನಲ್ಲಿ ಓಡಿತು. ಬ್ರೌಸರ್ ನಂಬುವ ಯಾವ ಸಿಎಯೂ (ಸರ್ಟಿಫಿಕೇಟ್ ಕೊಡುವ ಸಂಸ್ಥೆಯೂ) ಇಂಥದ್ದನ್ನು ಕೊಡದಿರುವಾಗ ಹೊರಗೆ ಪ್ರಯೋಜನವಿಲ್ಲ. ಸಹಿಯನ್ನು ಇಂದು ಕದ್ದಿಟ್ಟು ನಾಳೆ ಬಿಚ್ಚುವ ಭಯವೂ ಇಲ್ಲ, ಅದಕ್ಕೆ ಕಾಯಬಹುದು.

ದೂರದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಸುಲಭ. ಎರಡೂ ಕಡೆ ಓಪನ್‌ಎಸ್‌ಎಸ್‌ಎಚ್ 9.9 ಅಥವಾ ಮೇಲಿನದಿದ್ದರೆ ಎಂಎಲ್-ಕೆಇಎಂ ಸಿಗುತ್ತದೆ, 10.0ರಿಂದ ಅದೇ ಡಿಫಾಲ್ಟ್. 9.0ರಿಂದಲೇ ಡಿಫಾಲ್ಟ್ ಆಗಿದ್ದ ಎಸ್‌ಎನ್‌ಟಿಆರ್‌ಯುಪಿ ಎಂಬ ಇನ್ನೊಂದು ಹೈಬ್ರಿಡ್ ಕೂಡ ಸಾಕು, ಹಳೆಯ ಜಂಪ್ ಸರ್ವರ್‌ಗಳನ್ನು (ಒಳಗಿನ ಯಂತ್ರಗಳಿಗೆ ದಾರಿಯಾಗಿರುವ ಸರ್ವರ್‌ಗಳನ್ನು) ಹಾಗೇ ಬಿಟ್ಟಿದ್ದೇವೆ. ಮುಟ್ಟದೆ ಉಳಿದಿರುವುದು ಸಿಂಗಪುರದ ಒಂದು ಸ್ಕ್ಯಾನರ್ ಯಂತ್ರ. ಅದಕ್ಕೆ ಟಿಎಲ್‌ಎಸ್ 1.2 ಬಿಟ್ಟು ಬೇರೆ ಬರುವುದಿಲ್ಲ, ಪ್ರತಿ ಸೋಮವಾರದ ಲಾಗಿನಲ್ಲಿ ಅದೊಂದು ಸಾಲು ಬೀಳುತ್ತಲೇ ಇದೆ.